ಹದಿನೇಳು ಸೆಕೆಂಡು

ಲಿಗೋರಿಯ ಸಿನಿಮಾಗಳಲ್ಲಿ ಒಂದೂ ಶಿಲುಬೆ ಇಲ್ಲ.
ಎಣಿಸಿ ನೋಡಿದ್ದೇನೆ. ಎಣಿಸುವುದೇ ನನ್ನ ಕಸುಬು:
ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ಜೇನು ಮಾರುವ ಅಂಗಡಿಯ ಮಾಳಿಗೆಯಲ್ಲಿ
ಹನ್ನೊಂದು ವರ್ಷದಿಂದ ಅವನ ಚಿತ್ರ ಕತ್ತರಿಸುತ್ತೇನೆ.
ಪಾದ್ರಿ ಇಲ್ಲ, ಗಂಟೆ ಇಲ್ಲ,
ಮೇಣದಬತ್ತಿ ಕರೆಂಟು ಹೋದಾಗ ಮಾತ್ರ.

ಇರುವುದು ಇಷ್ಟು:
ಗೋಣಿಕೊಪ್ಪದ ಬಸ್ಸಿಳಿದು, ಚೀಲ ನೆಲಕ್ಕಿಟ್ಟು,
ಯಾರೂ ಬಂದಿಲ್ಲವೆಂದು ತಿಳಿಯುವ ಒಬ್ಬ ಹೆಂಗಸು.
ಜಿಗಣೆ ಕಚ್ಚಿದ ಆಳಿನ ಕಾಲಿಗೆ ಸುಣ್ಣ ಹಚ್ಚಲು
ತೋಟದ ರೈಟರು ಮಂಡಿಯೂರುವುದು.
ಕ್ಯಾಮರಾ ಕದಲುವುದಿಲ್ಲ.
ಸುಣ್ಣ ಒಣಗಿ ಬೆಳ್ಳಗಾಗುವ ತನಕ
ನಾವೂ ಆ ಪಾದದ ಹತ್ತಿರವೇ ಇರಬೇಕು.

ಮೊದಲ ಸಿನಿಮಾದಲ್ಲೇ ಜಗಳವಾಡಿದ್ದೆ:
ಇಷ್ಟುದ್ದ ಯಾರು ನೋಡ್ತಾರೆ ಮಾರಾಯ?
ಅವನು ತುಟಿ ಅಲ್ಲಾಡಿಸುತ್ತ ಪರದೆ ನೋಡುತ್ತಿದ್ದ.
ತುಟಿ ನಿಂತ ಮೇಲೆ ‘ಇಲ್ಲಿ’ ಅಂದ.
ಅಳೆದೆ. ಹದಿನೇಳು ಸೆಕೆಂಡು.
ಮುಂದಿನದೂ ಹದಿನೇಳು.
ಅದರಾಚೆಯದು ಮೂವತ್ತನಾಲ್ಕು.

ಗುಟ್ಟು ಬಿಟ್ಟುಕೊಟ್ಟವರು ಅವನ ಅಮ್ಮ, ಸೆವ್ರಿನ್ ಬಾಯಿ.
ಅವರ ಅಡುಗೆಮನೆಯಲ್ಲಿ ಗಡಿಯಾರವಿಲ್ಲ.
ಮೊಟ್ಟೆ ಕುದಿನೀರಿಗೆ ಬಿಟ್ಟು, ಈರುಳ್ಳಿ ಹೆಚ್ಚುತ್ತ
ನಮಾನ್ ಮರಿಯೆ ಶುರುಮಾಡಿದರು.
ಜಪಸರದ ಒಂದೂವರೆ ಹತ್ತಿಗೆ ಮೆತ್ತಗೆ,
ಮೂರು ಹತ್ತಿಗೆ ಗಟ್ಟಿ.
ಮಗನ ಕಂಕುಳಲ್ಲಿ ಜ್ವರದ ಕಡ್ಡಿ ಇಟ್ಟರೆ ಏಳು.
ನಾನು ಬಚ್ಚಲಿಗೆ ಹೋಗುವವನಂತೆ ಎದ್ದು
ಕೈಗಡಿಯಾರ ನೋಡಿಕೊಂಡೆ.

ಅವನು ಪೂಜೆಗೆ ಹೋಗದೆ ಇಪ್ಪತ್ತು ವರ್ಷ.
ದೇವರಿದ್ದಾನೋ ಅಂತ ಕೇಳಿದರೆ
‘ಬಿಸಿಲು ಹೋಗ್ತಾ ಇದೆ ಪಳಂಗಪ್ಪ, ಬೇಗ’ ಅನ್ನುತ್ತಾನೆ.
ಒಮ್ಮೆ ಮಾತ್ರ, ಎರಡು ಪೆಗ್ಗಿನ ಮೇಲೆ, ಹೇಳಿದ:
ಒಂಬತ್ತು ವರ್ಷದವನಾಗಿದ್ದಾಗ
ಸಂತ ಅನ್ನಮ್ಮನ ಇಗರ್ಜಿಯಲ್ಲಿ ಗಂಟೆ ಹಿಡಿದು ಕೂರುತ್ತಿದ್ದೆ.
ಬಾರಿಸೋದು ಯಾರಿಗೂ ಬರುತ್ತೆ.
ಅಲ್ಲಾಡದ ಹಾಗೆ ಹಿಡಿದಿರೋದು,
ಪಾದ್ರಿ ಅಪ್ಪವನ್ನು ಎತ್ತೋ ತನಕ, ನಾಲಗೆಗೆ ಬೆರಳು ಕೊಟ್ಟು.
ಗಂಟೆಯ ನಾಲಗೆಗೆ, ಅಂತ ಸೇರಿಸಿ ನಕ್ಕ.

ತಪಸ್ಸುಕಾಲದಲ್ಲಿ ಪ್ರತಿಮೆಗಳಿಗೆ ನೇರಳೆ ಬಟ್ಟೆ ಹೊದಿಸುತ್ತಾರಂತೆ.
ಎರಡನೆಯ ಚಿತ್ರದಲ್ಲಿ ನಲವತ್ತು ನಿಮಿಷ
ನಾಯಕಿಯ ಮುಖ ತೋರಿಸಲಿಲ್ಲ ಇವನು.
ದುಡ್ಡು ಹಾಕಿದ ಮೈಸೂರಿನ ಸಾಹುಕಾರರು
ಆಕೆಗೆ ಕೊಟ್ಟ ಸಂಭಾವನೆಯ ಚೀಟಿ ತಂದು ಮೇಜಿನ ಮೇಲಿಟ್ಟರು.

ಈ ಸಲ ಅವರು ನನ್ನನ್ನೇ ಹಿಡಿದರು:
ಆರು ನಿಮಿಷ ಇಳಿಸು, ಅವನಿಗೆ ಹೇಳಬೇಡ.
ಇಳಿಸಿದೆ. ಒಂದೊಂದರ ಬಾಲದಿಂದ ಒಂದೊಂದೂವರೆ ಸೆಕೆಂಡು,
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ.
ತೋರಿಸಿದ ದಿನ ಲಿಗೋರಿ ಹಿಂದಿನ ಬೆಂಚಿನಲ್ಲಿದ್ದ.
ಮೊದಲ ದೃಶ್ಯ ಮುಗಿಯಿತು.
ಕತ್ತಲಲ್ಲಿ ಮೆಲ್ಲಗೆ, ಕಳೆದ ಚಾವಿ ಕೇಳುವವನಂತೆ:
‘ಆಮೆನ್ ಎಲ್ಲಿ?’

ಆ ವಾರವೇ ನನ್ನ ಅಪ್ಪ ತೀರಿಕೊಂಡ.
ನಮ್ಮದು ಕೊಡವ ಮನೆ. ನೆಲ್ಲಕ್ಕಿಯ ದೀಪ ಗೊತ್ತು,
ಗುರುಕಾರಣ ಗೊತ್ತು, ಜಪಸರ ಗೊತ್ತಿಲ್ಲ.
ಊರಿಗೆ ತಿಳಿಯಲಿ ಎಂದು ಚಿಕ್ಕಪ್ಪ
ಅಂಗಳದಲ್ಲಿ ನಿಂತು ಎರಡು ಈಡು ಹಾರಿಸಿದರು.
ಸಿಲ್ವರ್ ಓಕಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದವು.
ಕೋವಿಯ ಹೊಗೆ ಅಪ್ಪನ ಕಡೆಗೇ ಬಂತು.
ನನ್ನ ತುಟಿ ಅಲ್ಲಾಡುತ್ತಿತ್ತು.
ಪೂರ್ತಿ ಮಾತು ಬರುವುದಿಲ್ಲ ನನಗೆ. ಕೊನೆಯದಷ್ಟೇ:
ಈಗಲೂ, ನಮ್ಮ ಮರಣದ ಸಮಯದಲ್ಲೂ.
ಅದನ್ನೇ ಮೊದಲಿಂದ, ಮತ್ತೆ ಮೊದಲಿಂದ.
ಹದಿನೇಳು ಸಾಲಲಿಲ್ಲ ಕಾಗೆಗಳಿಗೆ.
ಮೂವತ್ತನಾಲ್ಕೂ ಸಾಲಲಿಲ್ಲ.

ಹನ್ನೊಂದನೆಯ ದಿನ ಕಳೆದು ಮಾಳಿಗೆಗೆ ಬಂದೆ.
ಕೆಳಗೆ ಯಾರೋ ಜೇನಿಗೆ ಚೌಕಾಸಿ ಮಾಡುತ್ತಿದ್ದರು.
ಕಡಿದ ಸೆಕೆಂಡುಗಳನ್ನೆಲ್ಲ ಹುಡುಕಿ ವಾಪಸ್ ಸೇರಿಸಿದೆ.
ರೈಟರ ಮಂಡಿಗೆ ಮಾತ್ರ
ಕೇಳದೆಯೇ ನಾಲ್ಕು ಹೆಚ್ಚು ಕೊಟ್ಟಿದ್ದೇನೆ.
ಸಾಹುಕಾರರಿಗೆ ಇನ್ನೂ ಹೇಳಿಲ್ಲ.